ನಮ್ಮ ಪಾಲಿನ ಅರ್ಧ ಕೋಲು: ಬ್ರಿಟನ್ನಿನಲ್ಲಿ ರಸೀದಿ ನಡೆದು ಬಂದ ದಾರಿ

ಬ್ರಿಟನ್ನಿನ ತೆರಿಗೆ ವರ್ಷವು ಏಪ್ರಿಲ್ 6ರಂದು ಆರಂಭವಾಗುತ್ತದೆ. ನಮ್ಮ ಯುಗಾದಿಯ ಆಸುಪಾಸಿನಲ್ಲಿ ಅದು ಬರುವುದು ಕೇವಲ ಆಕಸ್ಮಿಕ. 1752ರಲ್ಲಿ ಈ ದೇಶವು ಹಳೆಯ ಪಂಚಾಂಗವನ್ನು ಕೈಬಿಟ್ಟಾಗ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಎಂದಾಯಿತು. ನಡುವೆ ಕಾಣೆಯಾದ 11 ದಿನಗಳನ್ನು ಜನರು ಮರೆತರೂ ಖಜಾನೆ ಮರೆಯಲಿಲ್ಲ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿದ್ದ ಲೆಕ್ಕದ ವರ್ಷಾರಂಭವು ಹೀಗೆ ಏಪ್ರಿಲಿಗೆ ಜರುಗಿತು. ಲೆಕ್ಕದ ವಿಷಯದಲ್ಲಿ ಈ ನಾಡಿನವರ ಹಟ ಎಂಥದ್ದೆಂಬುದನ್ನು ಅರಿಯಲು ಇದೊಂದೇ ಸಂಗತಿ ಸಾಕು.

2026ರ ಏಪ್ರಿಲ್ 6 ಎಂಬ ದಿನಾಂಕವು ನಮ್ಮಲ್ಲಿ ಹಲವರ ಪಾಲಿಗೆ ವಿಶೇಷವಾದುದು. ಸ್ವಂತ ಉದ್ಯೋಗ ಮತ್ತು ಮನೆ ಬಾಡಿಗೆ ಇವೆರಡರಿಂದ, ಖರ್ಚು ಕಳೆಯುವ ಮೊದಲೇ, ವರ್ಷಕ್ಕೆ 50,000 ಪೌಂಡಿಗಿಂತ ಹೆಚ್ಚು ಆದಾಯವುಳ್ಳವರು ಅಂದಿನಿಂದ ತಮ್ಮ ಲೆಕ್ಕವನ್ನು ಡಿಜಿಟಲ್ ರೂಪದಲ್ಲಿಯೇ ಇಟ್ಟು, ಮೂರು ತಿಂಗಳಿಗೊಮ್ಮೆ ಸಾಫ್ಟ್‌ವೇರ್ ಮೂಲಕ ಸಾರಾಂಶವನ್ನು ಸಲ್ಲಿಸಬೇಕು. ಮರುವರ್ಷ ಈ ಮಿತಿಯು 30,000ಕ್ಕೆ, 2028ರಲ್ಲಿ 20,000ಕ್ಕೆ ಇಳಿಯಲಿದೆ. ಹಬ್ಬದೂಟದ ಅಡುಗೆಯನ್ನು ವಹಿಸಿಕೊಳ್ಳುವವರು, ಭರತನಾಟ್ಯ ಕಲಿಸುವವರು, ಮನೆಯಿಂದಲೇ ಸೀರೆ ಮಾರುವವರು, ಇನ್ನೊಂದು ಮನೆ ಕೊಂಡು ಬಾಡಿಗೆಗೆ ಕೊಟ್ಟವರು ಹೀಗೆ ನಮ್ಮ ಬಳಗದ ಅನೇಕರು ಇಂದಲ್ಲ ನಾಳೆ ಈ ಬಲೆಯೊಳಗೆ ಬರುವವರೇ. ಅವರೆಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: ರಸೀದಿಯ ಫೋಟೋ ತೆಗೆದಿಟ್ಟರೆ ಸಾಕೇ? ಕಾಗದವನ್ನು ಎಸೆಯಬಹುದೇ?

ಬಹುತೇಕ ಸಂದರ್ಭಗಳಲ್ಲಿ ಎಸೆಯಬಹುದು ಎಂಬುದೇ ಉತ್ತರ. ಅದರ ವಿವರಕ್ಕೆ ಮುಂದೆ ಬರುತ್ತೇವೆ. ಆದರೆ ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಹಳೆಯ ಪ್ರಶ್ನೆ ಅಂಟಿಕೊಂಡಿದೆ. ರಸೀದಿ ಯಾರದು? ಕೊಟ್ಟವನದೋ, ಪಡೆದವನದೋ, ಇಬ್ಬರ ಮೇಲೆಯೂ ಕಣ್ಣಿಟ್ಟ ಸರ್ಕಾರದ್ದೋ? ಬ್ರಿಟನ್ನಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯ ಉತ್ತರವೇ ಎಲ್ಲಕ್ಕಿಂತ ವಿವೇಕದ್ದೆಂದು ನಮ್ಮ ಅಭಿಪ್ರಾಯ.

ಮಾತು ರಸೀದಿಯದಾದ್ದರಿಂದ ಪದದ ಬಗ್ಗೆಯೂ ಒಂದು ಮಾತು. ರಸೀದಿ ಎಂಬುದು ಪಾರಸಿಯಿಂದ ಬಂದದ್ದು. ಅದರ ಮೂಲದಲ್ಲಿರುವ ಅರ್ಥ 'ತಲುಪಿತು' ಎಂದು. ಮರಾಠಿಯ ನೆರೆಯಿಂದ ಬಂದ 'ಪಾವತಿ'ಯ ಬೇರಿನಲ್ಲಿಯೂ ಅದೇ ಅರ್ಥವಿದೆ. ನಮ್ಮ ಊರುಗಳಲ್ಲಿ 'ಹಣ ಮುಟ್ಟಿತು' ಎಂದು ಬರೆದು ಸಹಿ ಹಾಕಿಕೊಡುವ ಚೀಟಿಯೂ ಅದನ್ನೇ ಹೇಳುತ್ತದೆ. ಮುಟ್ಟಿದ್ದು ಪಡೆದವನಿಗೆ, ಆದರೆ ಆ ಮಾತನ್ನು ಬರೆಯಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಬೇಕಾದವನು ಕೊಟ್ಟವನು.

ಕೊಟ್ಟವನ ಈ ಹಕ್ಕಿಗೆ ಮಧ್ಯಯುಗದ ಇಂಗ್ಲೆಂಡು ಕೊಟ್ಟ ರೂಪವು ಒಂದು ಮರದ ಕೋಲು. ರಾಜನ ಖಜಾನೆಗೆ ಎಕ್ಸ್‌ಚೆಕರ್ ಎಂಬ ಹೆಸರು ಬಂದದ್ದು ಪಗಡೆಯ ಹಾಸಿನಂತೆ ಚೌಕಳಿಗಳಿದ್ದ ಒಂದು ಬಟ್ಟೆಯಿಂದ. ಅದನ್ನು ಮೇಜಿನ ಮೇಲೆ ಹರಡಿ, ಚೌಕಗಳಲ್ಲಿ ಬಿಲ್ಲೆಗಳನ್ನಿಟ್ಟು, ಓದುಬರಹ ಬಾರದವರಿಗೂ ಕಾಣುವಂತೆ ಲೆಕ್ಕ ಹಾಕುತ್ತಿದ್ದರು. ಕೌಂಟಿಯ ಶೆರಿಫನು ಈಸ್ಟರ್ ಹಬ್ಬದ ವೇಳೆಗೆ ಒಂದು ಕಂತನ್ನು ತಂದು ಕಟ್ಟಬೇಕು. ಪೂರ್ಣ ಲೆಕ್ಕವನ್ನು ಸೆಪ್ಟೆಂಬರ್ ಕೊನೆಯ ಮೈಕಲ್‌ಮಸ್ ಹಬ್ಬದಲ್ಲಿ ಒಪ್ಪಿಸಬೇಕು. ನಡುವಿನ ತಿಂಗಳುಗಳಲ್ಲಿ ತಾನು ಕಟ್ಟಿದ್ದಕ್ಕೆ ಅವನ ಬಳಿ ಸಾಕ್ಷಿ ಏನು? ಟ್ಯಾಲಿ ಎಂದು ಹೆಸರಾದ ಒಂದು ಕೋಲು.

12ನೆಯ ಶತಮಾನದಲ್ಲಿ ಖಜಾನೆಯ ಅಧಿಕಾರಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ತನ್ನ ಇಲಾಖೆಯ ಕೆಲಸದ ಕ್ರಮವನ್ನು ಗುರುಶಿಷ್ಯರ ಸಂವಾದದ ರೂಪದಲ್ಲಿ ಬರೆದಿಟ್ಟಿದ್ದಾನೆ. ಕೋಲಿನ ಮೇಲೆ ಮೊತ್ತವನ್ನು ಕೊರೆಯುವ ಬಗೆಯೂ ಅದರಲ್ಲಿದೆ. ಸಾವಿರ ಪೌಂಡಿಗೆ ಅಂಗೈಯಷ್ಟು ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಜವೆಗೋಧಿಯ ಕಾಳಿನಷ್ಟು, ಶಿಲಿಂಗಿಗೆ ಅದಕ್ಕೂ ಕಿರಿದು, ಪೆನ್ನಿಗೆ ಮರವನ್ನು ಕಿತ್ತು ತೆಗೆಯದೆ ಎಳೆದ ಒಂದು ಗೀರು ಮಾತ್ರ. ಗೇಣು, ಮೊಳ, ಅಂಗುಲಗಳಲ್ಲಿ ಅಳೆದ ಜನರಿಗೆ ಈ ವಿಧಾನ ಹೊಸದೆನಿಸಲಾರದು. ಕಚ್ಚುಗಳನ್ನು ಕೊರೆದ ಮೇಲೆ ಕೋಲನ್ನು ಉದ್ದಕ್ಕೆ ಸೀಳುತ್ತಿದ್ದರು. ಆಗ ಎರಡೂ ಹೋಳುಗಳ ಮೇಲೆ ಅದೇ ಕಚ್ಚುಗಳ ಅರ್ಧರ್ಧ ಉಳಿಯುತ್ತಿತ್ತು. ಹಿಡಿಯಿರುವ ಉದ್ದನೆಯ ಹೋಳಿಗೆ ಸ್ಟಾಕ್ ಎಂದೂ, ಗಿಡ್ಡನೆಯದಕ್ಕೆ ಫಾಯಿಲ್ ಎಂದೂ ಹೆಸರು. ಉದ್ದನೆಯದು ಹಣ ಕಟ್ಟಿದವನಿಗೆ, ಗಿಡ್ಡನೆಯದು ಖಜಾನೆಗೆ.

ಮೈಕಲ್‌ಮಸ್ ಬಂದಾಗ ಎರಡು ಹೋಳುಗಳನ್ನೂ ಜೋಡಿಸಿ ನೋಡುತ್ತಿದ್ದರು. ಶೆರಿಫನು ಹೊಸದಾಗಿ ಒಂದು ಕಚ್ಚನ್ನು ಕೊರೆದು ತಂದರೆ ಖಜಾನೆಯ ಹೋಳಿನಲ್ಲಿ ಅದು ಇರದು. ಖಜಾನೆಯ ಗುಮಾಸ್ತನು ಒಂದು ಕಚ್ಚನ್ನು ಹೆರೆದು ಅಳಿಸಿದರೆ ಶೆರಿಫನ ಹೋಳು ಅದನ್ನು ಹೇಳಿಬಿಡುತ್ತದೆ. ಬೇರೊಂದು ಕೋಲನ್ನು ತಂದು ಹೊಂದಿಸೋಣವೆಂದರೆ ಮರದ ಎಳೆಗಳೇ ಕೂಡುವುದಿಲ್ಲ. ಇಬ್ಬರಲ್ಲಿ ಯಾರೂ ಇನ್ನೊಬ್ಬರನ್ನು ನಂಬಬೇಕಾದ ಅಗತ್ಯವೇ ಇಲ್ಲದ ಏರ್ಪಾಡು ಇದು. ಪ್ರಜೆಯು ರಾಜನ ಲೆಕ್ಕವನ್ನು ರಾಜನ ಎದುರಿಗೇ ಪ್ರಶ್ನಿಸಲು ಬೇಕಾದ ವಸ್ತುವು ಅವನ ಮನೆಯಲ್ಲಿಯೇ ಇರುತ್ತಿತ್ತು.

ಇದೇ ಕೆಲಸಕ್ಕೆ ನಮ್ಮ ನಾಡಿನಲ್ಲಿ ಬಳಕೆಯಲ್ಲಿದ್ದದ್ದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. ವರ್ತಕರ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ಲೆಕ್ಕ ಅದರಲ್ಲಿರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರವಾಗಿವೆ. ಕಚೇರಿಯ ಫೈಲನ್ನು ನಾವು ಈಗಲೂ ಕಡತವೆಂದೇ ಕರೆಯುತ್ತೇವೆ. ಆದರೆ ಕಡತಕ್ಕೂ ಟ್ಯಾಲಿಗೂ ಒಂದು ದೊಡ್ಡ ಅಂತರವಿದೆ. ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು, ಮತ್ತು ಅದು ಇರುತ್ತಿದ್ದದ್ದು ಒಬ್ಬನ ಕೈಯಲ್ಲಿ. ಅದರ ಬೆಲೆಯೆಲ್ಲ ಅದನ್ನು ಬರೆದವನ ಪ್ರಾಮಾಣಿಕತೆಯ ಮೇಲೆ ನಿಂತಿತ್ತು. ಶಾನುಭೋಗನಾಗಲಿ ಕುಲಕರ್ಣಿಯಾಗಲಿ ಒಳ್ಳೆಯವನಾದರೆ ಸರಿ. ಅಲ್ಲವಾದರೆ ರೈತನ ಬಳಿ ತೋರಿಸಲು ಏನೂ ಇರುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತ್ಯದಲ್ಲಿ 1879ರ ಭೂಕಂದಾಯ ಸಂಹಿತೆಯು, ಕಂದಾಯದ ಹಣ ಪಡೆದ ಕ್ಷಣದಲ್ಲಿಯೇ ಗ್ರಾಮಲೆಕ್ಕಿಗನು ಲಿಖಿತ ರಸೀದಿ ಕೊಡಬೇಕೆಂದು ವಿಧಿಸಿತು. ರೈತನ ಕೈಗೆ ಅವನ ಪಾಲಿನ ಅರ್ಧವನ್ನು ಕಾನೂನೇ ಕೊಡಿಸಬೇಕಾಯಿತು.

ಟ್ಯಾಲಿಯ ಅಂತ್ಯವು ವಿಚಿತ್ರವಾದದ್ದು. ಕಾಗದದ ಕಾಲ ಬಂದು ಎಷ್ಟೋ ತಲೆಮಾರು ಕಳೆದರೂ ಖಜಾನೆಯು ಕೋಲನ್ನು ಬಿಡಲಿಲ್ಲ. ಅದನ್ನು ಕೈಬಿಡುವ ಕಾನೂನು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದರೂ ಆಗ ಅಧಿಕಾರದಲ್ಲಿದ್ದವರು ತೀರಿಕೊಂಡ ಮೇಲಷ್ಟೇ ಅದು ಜಾರಿಯಾಗತಕ್ಕದ್ದಾಗಿತ್ತು. ಕಡೆಗೂ ಪದ್ಧತಿ ನಿಂತದ್ದು 1826ರಲ್ಲಿ. 1834ರ ಅಕ್ಟೋಬರ್ 16ರಂದು, ಉಳಿದಿದ್ದ ಎರಡು ಗಾಡಿಗಳಷ್ಟು ಹಳೆಯ ಕೋಲುಗಳನ್ನು ಸಂಸತ್ತಿನ ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ಸುಡತೊಡಗಿದರು. ಹೊಗೆಗೂಡಿನ ನಾಳಗಳು ಮಿತಿಮೀರಿ ಕಾದವು. ಸಂಜೆಯ ಹೊತ್ತಿಗೆ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಬಹುಭಾಗಕ್ಕೆ ಬೆಂಕಿ ಹತ್ತಿತು. ಇಂದು ನಾವು ಥೇಮ್ಸ್ ನದಿಯ ದಂಡೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಸಂಸತ್ ಭವನವು ಆ ಬೆಂಕಿಯ ನಂತರ ಕಟ್ಟಿದ್ದು. ಅಷ್ಟೊಂದು ಸೌದೆಯನ್ನು ಸುತ್ತಮುತ್ತಲಿನ ಬಡವರಿಗೆ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಚಾರ್ಲ್ಸ್ ಡಿಕನ್ಸ್ 1855ರ ಒಂದು ಭಾಷಣದಲ್ಲಿ ಗೇಲಿ ಮಾಡಿದ.

ಅಷ್ಟು ಹೊತ್ತಿಗೆ ಕಾಗದದ ರಸೀದಿಯು ಬೇರೊಂದು ಕೆಲಸಕ್ಕೆ ನಿಯುಕ್ತವಾಗಿತ್ತು. 1783ರಲ್ಲಿ ಸರ್ಕಾರವು ರಸೀದಿಯ ಮೇಲೆಯೇ ಮುದ್ರಾಂಕ ಶುಲ್ಕವನ್ನು ಹಾಕಿತು. ಹಣ ಮುಟ್ಟಿತೆಂಬುದನ್ನು ಬರೆದುಕೊಡಲು ರಾಜನಿಗೆ ಕಾಸು! 1853ರಲ್ಲಿ ಗ್ಲ್ಯಾಡ್‌ಸ್ಟನ್ ಅದನ್ನು ಸರಳಗೊಳಿಸಿ, ಎರಡು ಪೌಂಡು ಮತ್ತು ಅದಕ್ಕೂ ಮೇಲ್ಪಟ್ಟ ಎಲ್ಲ ರಸೀದಿಗಳಿಗೂ ಒಂದೇ ಪೆನ್ನಿ ಎಂದು ನಿಗದಿ ಮಾಡಿದ. ಈ ಪದ್ಧತಿಯೇ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1899ರ ಭಾರತೀಯ ಮುದ್ರಾಂಕ ಕಾಯ್ದೆಯ ಪ್ರಕಾರ 20 ರೂಪಾಯಿ ಮೀರಿದ ರಸೀದಿಗೆ ಒಂದು ಆಣೆಯ ಸ್ಟ್ಯಾಂಪು ಬೇಕಿತ್ತು. ಸಂಬಳದ ಪಟ್ಟಿಯಲ್ಲಿ, ಬಾಡಿಗೆಯ ಚೀಟಿಯಲ್ಲಿ ರೆವಿನ್ಯೂ ಸ್ಟ್ಯಾಂಪು ಅಂಟಿಸಿ, ಅದರ ಮೇಲೆ ಅಡ್ಡಲಾಗಿ ಸಹಿ ಹಾಕುತ್ತಿದ್ದ ಹಿರಿಯರನ್ನು ನಾವೆಲ್ಲ ಕಂಡವರೇ. ಬ್ರಿಟನ್ ಈ ಶುಲ್ಕವನ್ನು 1971ರಲ್ಲಿ ಕೈಬಿಟ್ಟಿತು. ಭಾರತದಲ್ಲಿ 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ಸ್ಟ್ಯಾಂಪು ಇಂದಿಗೂ ಕಾನೂನಿನಲ್ಲಿದೆ. ಕೊಟ್ಟವರು ಮರೆತರೂ ಪಡೆದವರು ಬಿಡದ ಆಸ್ತಿಗಳಲ್ಲಿ ಇದೂ ಒಂದು.

ಆದಾಯ ತೆರಿಗೆಯ ಕಥೆಯು ದೀರ್ಘವಾದದ್ದು. ಇಲ್ಲಿ ನಮಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇವೆ. ನೆಪೋಲಿಯನ್ ಕಾಲದ ಯುದ್ಧವೆಚ್ಚಕ್ಕಾಗಿ ವಿಲಿಯಂ ಪಿಟ್ 1799ರಲ್ಲಿ ಅದನ್ನು ಜಾರಿಗೆ ತಂದ. ಯುದ್ಧ ಮುಗಿದ ಮೇಲೆ, 1816ರಲ್ಲಿ, ಸಂಸತ್ತು ಅದನ್ನು ರದ್ದುಮಾಡಿದ್ದಲ್ಲದೆ ಅದರ ದಾಖಲೆಗಳನ್ನೆಲ್ಲ ನಾಶಪಡಿಸಬೇಕೆಂದೂ ಆಜ್ಞಾಪಿಸಿತು. ತಮ್ಮ ಲಾಭನಷ್ಟದ ವಿವರವು ಸರ್ಕಾರದ ಕಪಾಟಿನಲ್ಲಿರುವುದು ವರ್ತಕರಿಗೆ ಅಷ್ಟು ಅಸಹ್ಯವಾಗಿತ್ತು. ತಮಾಷೆಯೆಂದರೆ, ಅವುಗಳ ನಕಲುಗಳು ಖಜಾನೆಯ ಇನ್ನೊಂದು ಶಾಖೆಯಲ್ಲಿ ಭದ್ರವಾಗಿ ಉಳಿದುಕೊಂಡವು. 1842ರಲ್ಲಿ ರಾಬರ್ಟ್ ಪೀಲ್ ಈ ತೆರಿಗೆಯನ್ನು ಮರಳಿ ತಂದಾಗ, ಊರಿನ ಪರಿಚಿತರೇ ಕುಳಿತ ಸಮಿತಿಗೆ ತನ್ನ ಲೆಕ್ಕ ತೋರಿಸಲು ಇಷ್ಟವಿಲ್ಲದ ವರ್ತಕನು ವಿಶೇಷ ಕಮಿಷನರುಗಳ ಮುಂದೆ ಹೋಗಬಹುದೆಂದು ಅವಕಾಶ ಕೊಡಬೇಕಾಯಿತು. 1859ರ ಕೊನೆಯಲ್ಲಿ ಕಲ್ಕತ್ತೆಗೆ ಬಂದಿಳಿದು, 1860ರಲ್ಲಿ ಭಾರತದ ಮೊದಲ ಆದಾಯ ತೆರಿಗೆಯನ್ನು ತಂದ ಜೇಮ್ಸ್ ವಿಲ್ಸನ್ನನೂ ಇದೇ ಸಂಪ್ರದಾಯದವನು. ಸ್ಕಾಟ್ಲೆಂಡಿನ ಹಾವಿಕ್ ಊರಿನವನು, 'ದಿ ಎಕನಾಮಿಸ್ಟ್' ಪತ್ರಿಕೆಯ ಸ್ಥಾಪಕ. ತೆರಿಗೆಯನ್ನು ತಂದ ಆ ವರ್ಷದ ಆಗಸ್ಟಿನಲ್ಲಿಯೇ ಕಲ್ಕತ್ತೆಯಲ್ಲಿ ತೀರಿಕೊಂಡ.

ಸಣ್ಣ ವ್ಯಾಪಾರಿಯ ಜೀವನದಲ್ಲಿ ರಸೀದಿಯು ನಿಜವಾಗಿ ದೊರೆಯಾದದ್ದು 1973ರ ಏಪ್ರಿಲ್ 1ರಂದು, ವ್ಯಾಟ್ ಜಾರಿಯಾದಾಗ. ಅದರ ಯುಕ್ತಿ ಸರಳ. ನೋಂದಾಯಿತ ವ್ಯಾಪಾರಿಯು ಮಾರುವಾಗ ತೆರಿಗೆ ವಸೂಲಿ ಮಾಡುತ್ತಾನೆ. ತಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆದುಕೊಳ್ಳುತ್ತಾನೆ. ಕಳೆದುಕೊಳ್ಳಬೇಕಾದರೆ ಕೊಂಡದ್ದಕ್ಕೆ ವ್ಯಾಟ್ ಇನ್‌ವಾಯ್ಸ್ ಬೇಕು. ಹೀಗಾಗಿ ಪ್ರತಿಯೊಬ್ಬನ ರಸೀದಿಯೂ ಇನ್ನೊಬ್ಬನ ಮಾರಾಟಕ್ಕೆ ಸಾಕ್ಷಿಯಾಯಿತು. ಟ್ಯಾಲಿಯ ಎರಡು ಹೋಳುಗಳು ಮತ್ತೆ ಕಾಣಿಸಿಕೊಂಡವು. ಈಗ ಅವೆರಡೂ ವ್ಯಾಪಾರಿಗಳ ಕೈಯಲ್ಲಿ, ಜೋಡಿಸಿ ನೋಡುವವನು ಸರ್ಕಾರದ ಅಧಿಕಾರಿ. ಮುಂದೆ 1996-97ರ ತೆರಿಗೆ ವರ್ಷದಿಂದ ಸ್ವಯಂ ಘೋಷಣೆಯ ಪದ್ಧತಿ ಬಂದಿತು. ತೆರಿಗೆಯ ಲೆಕ್ಕ ಹಾಕುವ ಹೊಣೆಯೊಂದಿಗೆ ದಾಖಲೆಯನ್ನು ಕಾಪಾಡುವ ಹೊಣೆಯೂ ಪ್ರಜೆಯ ಹೆಗಲಿಗೆ ಬಂದಿತು. ದಾಖಲೆ ಇಡದಿದ್ದರೆ 3,000 ಪೌಂಡಿನವರೆಗೆ ದಂಡ. ಶೂ ಡಬ್ಬಿಯಲ್ಲಿ ತುಂಬಿಟ್ಟ ಚೀಟಿಗಳನ್ನು ಜನವರಿ ತಿಂಗಳಲ್ಲಿ ಲೆಕ್ಕಿಗರ ಮೇಜಿನ ಮೇಲೆ ಸುರಿಯುವ ಸಂಪ್ರದಾಯವನ್ನು ನಮ್ಮವರೂ ಬಹಳ ಬೇಗ ಕಲಿತರು.

2015ರಲ್ಲಿ ಅಂದಿನ ವಿತ್ತ ಸಚಿವ ಜಾರ್ಜ್ ಆಸ್ಬೋರ್ನ್ ವಾರ್ಷಿಕ ತೆರಿಗೆ ಪತ್ರದ ಕಾಲವೇ ಮುಗಿಯಲಿದೆ ಎಂದು ಸಾರಿದರು. ಮೇಕಿಂಗ್ ಟ್ಯಾಕ್ಸ್ ಡಿಜಿಟಲ್ ಎಂಬ ಯೋಜನೆಯು 2019ರ ಏಪ್ರಿಲಿನಲ್ಲಿ ಮೊದಲು ದೊಡ್ಡ ವ್ಯಾಟ್ ವ್ಯಾಪಾರಿಗಳಿಗೆ, 2022ರ ಏಪ್ರಿಲಿನಿಂದ ವ್ಯಾಟ್ ನೋಂದಣಿಯುಳ್ಳ ಎಲ್ಲರಿಗೂ ಅನ್ವಯವಾಯಿತು. ಈಗ ಆದಾಯ ತೆರಿಗೆಯ ಸರದಿ.

ಇಲ್ಲಿ ಸ್ವಲ್ಪ ನಿಂತು, ಇದೇ ದೇಶದ ಇತ್ತೀಚಿನ ಒಂದು ದುರಂತವನ್ನು ನೆನೆಯಬೇಕು. ಅದು ತೆರಿಗೆಗೆ ಸಂಬಂಧಿಸಿದ್ದಲ್ಲ. ಆದರೆ ಕಂಪ್ಯೂಟರಿನ ಲೆಕ್ಕವನ್ನೇ ನೆಚ್ಚಿಕೊಂಡ ಸಣ್ಣ ವ್ಯಾಪಾರಿಗೆ ಏನಾಗಬಹುದೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರಿಲ್ಲ. ಬ್ರಿಟನ್ನಿನ ಊರೂರಿನ ಅಂಚೆ ಕಚೇರಿಗಳನ್ನು ನಡೆಸುವ ಸಬ್‌ಪೋಸ್ಟ್‌ಮಾಸ್ಟರುಗಳಲ್ಲಿ ಅನೇಕರು ಪಕ್ಕದಲ್ಲಿಯೇ ಕಿರಾಣಿ ಅಂಗಡಿ ಇಟ್ಟುಕೊಂಡ ಸ್ವಂತ ಉದ್ಯೋಗಿಗಳು. ಅವರಲ್ಲಿ ಭಾರತೀಯ ಮೂಲದವರೂ ಬಹಳ ಮಂದಿ. 1999ರಿಂದ ಪೋಸ್ಟ್ ಆಫೀಸು ಅವರ ಕಾಗದದ ಲೆಕ್ಕವನ್ನು ತೆಗೆದು ಹರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಅಳವಡಿಸಿತು. ಯಂತ್ರವು ಇಲ್ಲದ ಕೊರತೆಗಳನ್ನು ತೋರಿಸತೊಡಗಿತು. ಕೊರತೆಯನ್ನು ಕೈಯಿಂದ ಭರಿಸಬೇಕೆಂಬುದು ಒಪ್ಪಂದ; ಭರಿಸಲಾಗದವರ ಮೇಲೆ ಕಳವಿನ, ಸುಳ್ಳು ಲೆಕ್ಕದ ಮೊಕದ್ದಮೆ. 2015ರ ವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಕೆಲವರು ಜೈಲು ಸೇರಿದರು.

ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಏಕೆ ಆಗಲಿಲ್ಲ? ಕಂಪ್ಯೂಟರಿನ ದಾಖಲೆಯನ್ನು ಸಾಕ್ಷಿಯಾಗಿ ತರುವವರು ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿತ್ತೆಂಬುದನ್ನು ತೋರಿಸಬೇಕು ಎಂಬ ನಿಯಮವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1984ರಿಂದ ಇತ್ತು. 1999ರ ಒಂದು ಕಾಯ್ದೆ ಅದನ್ನು ತೆಗೆದುಹಾಕಿತು. ಇನ್ನು ವಹಿವಾಟಿನ ಮೂಲ ದತ್ತಾಂಶವು ಇದ್ದದ್ದು ಎದುರು ಪಕ್ಷದ ಬಳಿ. ಕೋಲಿನ ಎರಡು ಹೋಳುಗಳೂ ಒಬ್ಬರ ಕೈಯಲ್ಲಿಯೇ ಇದ್ದವು. 2019ರ ಡಿಸೆಂಬರಿನಲ್ಲಿ ಹೈಕೋರ್ಟು ಆ ವ್ಯವಸ್ಥೆ ನಂಬಲರ್ಹವಾಗಿರಲಿಲ್ಲವೆಂದು ತೀರ್ಪಿತ್ತಿತು. 2024ರ ಮೇ ತಿಂಗಳಲ್ಲಿ ಸಂಸತ್ತು ವಿಶೇಷ ಕಾಯ್ದೆಯ ಮೂಲಕ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಗೊಳಿಸಿತು. ಅಷ್ಟರಲ್ಲಿ ಹಲವರು ತೀರಿಕೊಂಡಿದ್ದರು.

ಈ ಬೆಳಕಿನಲ್ಲಿ ನಮ್ಮ ಸದಸ್ಯರ ಪ್ರಶ್ನೆಗೆ ಮರಳುತ್ತೇವೆ. ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಡಿಜಿಟಲ್ ದಾಖಲೆ ಎಂಬುದೂ ರಸೀದಿಯ ಫೋಟೋ ಎಂಬುದೂ ಒಂದೇ ಅಲ್ಲ. ಹೊಸ ನಿಯಮವು ಕಡ್ಡಾಯ ಮಾಡಿರುವುದು ಪ್ರತಿಯೊಂದು ವಹಿವಾಟಿನ ದಿನಾಂಕ, ಮೊತ್ತ, ಬಾಬತ್ತು ಇವು ಸಾಫ್ಟ್‌ವೇರಿನಲ್ಲಿ ದಾಖಲಾಗಿರಬೇಕೆಂಬುದನ್ನು; ವ್ಯಾಟ್ ಇದ್ದರೆ ಅದರ ದರವೂ ಇರಬೇಕು. ರಸೀದಿಯ ಚಿತ್ರವನ್ನು ತೆರಿಗೆ ಇಲಾಖೆಗೆ ಕಳಿಸಬೇಕಾಗಿಲ್ಲ. ಆದರೆ ನಾಳೆ ಅಧಿಕಾರಿ ಕೇಳಿದಾಗ ಆ ದಾಖಲೆಗೆ ಆಧಾರವಾಗಿ ರಸೀದಿ ಇರಬೇಕು. ಅದು ಕಾಗದದಲ್ಲಿರಬಹುದು, ಚಿತ್ರದಲ್ಲಿಯೂ ಇರಬಹುದು. ಚಿತ್ರವಾದರೆ ಮೂಲದಲ್ಲಿದ್ದ ಎಲ್ಲ ಮಾಹಿತಿಯೂ ಓದಲು ಬರುವಂತಿರಬೇಕು. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಹಿಂಬದಿಯೂ ಬೇಕು. ತೆರಿಗೆಯನ್ನು ಮೊದಲೇ ಮುರಿದುಕೊಂಡು ಹಣ ಕೊಟ್ಟಿರುವುದನ್ನು ತೋರಿಸುವ ಪತ್ರಗಳ ಮೂಲ ಪ್ರತಿಯನ್ನು ಮಾತ್ರ ಎಸೆಯದಿರುವುದು ಕ್ಷೇಮ.

ಬ್ಯಾಂಕಿನ ಸ್ಟೇಟ್‌ಮೆಂಟ್ ಇದೆಯಲ್ಲ, ರಸೀದಿ ಏಕೆ ಎನ್ನುವವರಿದ್ದಾರೆ. ಸ್ಟೇಟ್‌ಮೆಂಟು ಯಾರಿಗೆ ಎಷ್ಟು ಹೋಯಿತೆಂದು ಹೇಳುತ್ತದೆ. ಏನನ್ನು ಕೊಂಡಿರಿ, ಅದರಲ್ಲಿ ವ್ಯಾಟ್ ಎಷ್ಟು ಎಂದು ಹೇಳುವುದಿಲ್ಲ. ಸಗಟು ಅಂಗಡಿಯಿಂದ ತಂದ ತೊಗರಿಬೇಳೆ ಅಡುಗೆ ವ್ಯಾಪಾರಕ್ಕೋ ಮನೆಯ ಸಾರಿಗೋ ಎಂಬುದನ್ನಂತೂ ಅದು ಹೇಳಲಾರದು. ಬೇಳೆಗೆ ಇಲ್ಲಿ ವ್ಯಾಟ್ ಸೊನ್ನೆ, ಅದರೊಂದಿಗೆ ಕೊಂಡ ಕಾಗದದ ತಟ್ಟೆಗಳಿಗೆ ಶೇಕಡ 20. ಒಂದೇ ಬಿಲ್ಲಿನಲ್ಲಿ ಎರಡೂ ಇದ್ದಾಗ ಸ್ಟೇಟ್‌ಮೆಂಟಿನ ಒಂದು ಸಾಲಿನಿಂದ ಏನನ್ನು ಬಿಡಿಸಿಕೊಳ್ಳುವುದು?

ಅಂಗಡಿಗಳು ಕೊಡುವ ನುಣುಪು ಕಾಗದದ ಚೀಟಿಯನ್ನಂತೂ ಆ ದಿನವೇ ಫೋಟೋ ತೆಗೆಯಬೇಕು. ಅದರಲ್ಲಿ ಶಾಯಿಯೇ ಇಲ್ಲ. ಶಾಖಕ್ಕೆ ಕಪ್ಪಾಗುವ ರಾಸಾಯನಿಕದ ಲೇಪವಿದೆ. ಒಲೆಯ ಬಳಿ ಇಟ್ಟರೆ ಇಡಿಯಾಗಿ ಕಪ್ಪು, ಕಾರಿನ ಕಿಟಕಿಯ ಬಿಸಿಲಿನಲ್ಲಿ ಬಿಟ್ಟರೆ ಬರಹ ಮಾಸುತ್ತದೆ. ಕಡತದ ಬಳಪಕ್ಕೆ ಇದಕ್ಕಿಂತ ಆಯುಸ್ಸು ಹೆಚ್ಚು.

ಫೋಟೋವನ್ನು ಎಲ್ಲಿಡಬೇಕು ಎಂಬಲ್ಲಿ ನಮ್ಮ ಕಾಳಜಿ ಇರುವುದು. ತಿಂಗಳಿಗಿಷ್ಟೆಂದು ಚಂದಾ ಕಟ್ಟುವ ಲೆಕ್ಕದ ಆ್ಯಪಿನೊಳಗೆ ಮಾತ್ರ ಚಿತ್ರಗಳಿದ್ದರೆ, ಚಂದಾ ನಿಂತ ದಿನ, ಕಂಪನಿ ಮುಚ್ಚಿದ ದಿನ, ಲೆಕ್ಕಿಗರನ್ನು ಬದಲಿಸಿದ ದಿನ ಅವು ಕೈಗೆ ಸಿಗುವ ಭರವಸೆಯಿಲ್ಲ. ಕಾನೂನು ಕೇಳುವುದು ಆ್ಯಪನ್ನಲ್ಲ, ನಿಮ್ಮನ್ನು. ಆದುದರಿಂದ ಪ್ರತಿ ಮೂರು ತಿಂಗಳ ಸಾರಾಂಶ ಸಲ್ಲಿಸಿದ ದಿನವೇ ಲೆಕ್ಕದ ಪಟ್ಟಿಯನ್ನೂ ರಸೀದಿಗಳ ಚಿತ್ರಗಳನ್ನೂ ಇಳಿಸಿಕೊಂಡು, ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಹೊರಗೆ ಬೇರೊಂದು ಕಡೆ ಇನ್ನೊಂದು ಪ್ರತಿ ಇಡುವುದು ಒಳ್ಳೆಯದು. ಫೈಲಿನ ಹೆಸರಿನಲ್ಲಿ ದಿನಾಂಕ, ಅಂಗಡಿಯ ಹೆಸರು, ಮೊತ್ತ ಈ ಮೂರು ಇದ್ದರೆ ಹುಡುಕುವುದು ಸುಲಭ.

ಎಷ್ಟು ಕಾಲ ಇಡಬೇಕೆಂಬುದಕ್ಕೆ: ವ್ಯಾಟ್ ದಾಖಲೆಗಳು 6 ವರ್ಷ, ಕಂಪನಿಗಳಿಗೆ ಲೆಕ್ಕದ ಅವಧಿ ಮುಗಿದಂದಿನಿಂದ 6 ವರ್ಷ, ಸ್ವಂತ ಉದ್ಯೋಗಿಗಳಿಗೆ ತೆರಿಗೆ ಪತ್ರದ ಕೊನೆಯ ದಿನವಾದ ಜನವರಿ 31ರ ನಂತರ 5 ವರ್ಷ. 2026ರ ಏಪ್ರಿಲ್ 6ರಂದು ಕೊಂಡ ಅಕ್ಕಿ ಮೂಟೆಯ ರಸೀದಿಯನ್ನು, ಈ ಲೆಕ್ಕದ ಪ್ರಕಾರ, 2033ರ ಜನವರಿ 31ರ ವರೆಗೆ ಕಾಪಾಡಬೇಕು. ಅಷ್ಟರಲ್ಲಿ ನಮ್ಮಲ್ಲಿ ಬಹುಮಂದಿ ಎರಡು ಮೂರು ಫೋನುಗಳನ್ನು ಬದಲಿಸಿರುತ್ತೇವೆ.